ಬೆರಳಿಗೆ ಗೊತ್ತಿತ್ತು ನಾಣ್ಯದ ಬೆಲೆ: ಅಂಧ ಮಕ್ಕಳಿಗೆ ಮೊದಲ ಶಾಲೆ ತೆರೆದ ವ್ಯಾಲೆಂಟಿನ್ ಹೌಯಿ

ಅದು 1784ರ ಪ್ಯಾರಿಸ್. ಸ್ಯಾಂ ಜೆರ್ಮ್ಯಾಂ ದೆ ಪ್ರೆ ಚರ್ಚಿನ ಬಾಗಿಲಲ್ಲಿ 17 ವರ್ಷದ ಅಂಧ ಹುಡುಗನೊಬ್ಬ ಭಿಕ್ಷೆಗೆ ಕೈಚಾಚಿ ಕುಳಿತಿದ್ದ. ಪೂಜೆ ಮುಗಿಸಿ ಹೊರಬಂದ ವ್ಯಕ್ತಿಯೊಬ್ಬರು ಅವನ ಅಂಗೈಗೆ ಒಂದು ನಾಣ್ಯ ಹಾಕಿ ಮುಂದೆ ನಡೆದರು. ಹುಡುಗ ನಾಣ್ಯವನ್ನು ಬೆರಳಲ್ಲಿ ಸವರಿ ನೋಡಿದ. ಅದು ತಾಮ್ರದ ಚಿಲ್ಲರೆ ಸೂ ಅಲ್ಲ, ಬೆಳ್ಳಿಯ ಎಕ್ಯು. ಆ ಕಾಲದಲ್ಲಿ ದೊಡ್ಡ ಎಕ್ಯು ಒಂದಕ್ಕೆ 120 ಸೂ. ಕೊಟ್ಟವರು ಕೈತಪ್ಪಿ ಹಾಕಿರಬೇಕು ಎಂದುಕೊಂಡ ಹುಡುಗ ಅವರನ್ನು ಕೂಗಿ ಕರೆದು ವಿಷಯ ತಿಳಿಸಿದ.

ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಯಿದು. ಹೇಳುವವರಿಂದ ಹೇಳುವವರಿಗೆ ವಿವರಗಳು ಒಂದಿಷ್ಟು ಬದಲಾಗುತ್ತವೆ. ಆದರೆ ಆ ಹುಡುಗ ನಿಜ, ಆ ವ್ಯಕ್ತಿ ನಿಜ, ಆ ಭೇಟಿಯಿಂದ ಹುಟ್ಟಿದ ಶಾಲೆಯೂ ನಿಜ. ಹುಡುಗನ ಹೆಸರು ಫ್ರಾಂಸ್ವಾ ಲೆಸೂರ್. ನಾಣ್ಯ ಕೊಟ್ಟವರು ವ್ಯಾಲೆಂಟಿನ್ ಹೌಯಿ. ಕಣ್ಣಿಲ್ಲದ ಹುಡುಗ ಬೆರಳಿನಿಂದಲೇ ನಾಣ್ಯದ ಬೆಲೆ ತಿಳಿಯಬಲ್ಲನಾದರೆ, ಅದೇ ಬೆರಳಿನಿಂದ ಅಕ್ಷರವನ್ನೂ ಅಂಕಿಯನ್ನೂ ಯಾಕೆ ತಿಳಿಯಬಾರದು? ಹೌಯಿ ಅವರ ಮುಂದಿನ ಬದುಕೆಲ್ಲ ಈ ಒಂದು ಪ್ರಶ್ನೆಯ ಹಿಂದೆ ನಡೆಯಿತು.

ನೇಕಾರನ ಮಗ, ಭಾಷೆಗಳ ಪಂಡಿತ

ವ್ಯಾಲೆಂಟಿನ್ ಹೌಯಿ ಹುಟ್ಟಿದ್ದು 1745ರ ನವೆಂಬರ್ 13ರಂದು, ಉತ್ತರ ಫ್ರಾನ್ಸಿನ ಸ್ಯಾಂ ಜ್ಯುಸ್ಟ್ ಎಂಬ ಸಣ್ಣ ಊರಿನಲ್ಲಿ. ತಂದೆ ನೇಕಾರ. ಮನೆಯಲ್ಲಿ ದುಡ್ಡಿರಲಿಲ್ಲ. ಊರಿನ ಮಠದ ಸನ್ಯಾಸಿಗಳು ಹುಡುಗರ ಜಾಣತನ ಕಂಡು ಓದಿಗೆ ದಾರಿ ಮಾಡಿಕೊಟ್ಟರು. ಮುಂದೆ ಕುಟುಂಬ ಪ್ಯಾರಿಸ್ ಸೇರಿತು. ಅಣ್ಣ ರೆನೆ ಜ್ಯುಸ್ಟ್ ಹೌಯಿ ಪಾದ್ರಿಯಾದರು, ಜೊತೆಗೆ ಹರಳುಗಳ ರಚನೆಯನ್ನು ಶಾಸ್ತ್ರವಾಗಿ ಬೆಳೆಸಿ ಜಗತ್ಪ್ರಸಿದ್ಧ ಖನಿಜ ವಿಜ್ಞಾನಿಯೂ ಆದರು. ತಮ್ಮ ವ್ಯಾಲೆಂಟಿನ್‌ಗೆ ಒಲಿದದ್ದು ಭಾಷೆ. ಹಲವು ಭಾಷೆ ಕಲಿತು, ಅನುವಾದ ಮಾಡುತ್ತ, ಹಳೆಯ ಹಸ್ತಪ್ರತಿಗಳನ್ನೂ ಗುಪ್ತಲಿಪಿಗಳನ್ನೂ ಬಿಡಿಸುತ್ತ ಅವರು ಹೊಟ್ಟೆಹೊರೆದರು. ಮುಂದೆ ರಾಜನ ದುಭಾಷಿಯೂ ಆದರು.

ಅಕ್ಷರ ಬಿಡಿಸುವುದೇ ಕಸುಬಾಗಿದ್ದ ಈ ಮನುಷ್ಯನ ಮನಸ್ಸನ್ನು ಅಂಧರ ಕಡೆಗೆ ತಿರುಗಿಸಿದ್ದು ಒಂದು ಜಾತ್ರೆ.

ಜಾತ್ರೆಯಲ್ಲಿ ಕಂಡ ನಗೆಪಾಟಲು

1771ರ ಸೆಪ್ಟೆಂಬರ್. ಪ್ಯಾರಿಸ್ಸಿನಲ್ಲಿ ಸೇಂಟ್ ಓವಿಡ್ ಜಾತ್ರೆ ನಡೆದಿತ್ತು. ಅಲ್ಲಿನ ಒಂದು ಕಾಫಿ ಅಂಗಡಿಗೆ ಜನ ನುಗ್ಗುತ್ತಿದ್ದರು. ಒಳಗೆ ವೇದಿಕೆಯ ಮೇಲೆ ಅಂಧರ ಒಂದು ವಾದ್ಯಮೇಳ. ಉದ್ದನೆಯ ನಿಲುವಂಗಿ, ತಲೆಗೆ ಚೂಪು ಟೋಪಿ, ಮೂಗಿನ ಮೇಲೆ ರಟ್ಟಿನ ದೊಡ್ಡ ಕನ್ನಡಕ. ಮುಂದೆ ಸಂಗೀತದ ಹಾಳೆ, ಓದಲು ಬೆಳಕಿರಲಿ ಎಂಬಂತೆ ಉರಿಯುವ ಮೇಣದ ಬತ್ತಿ. ಅವರು ಪಿಟೀಲನ್ನು ಅಪಸ್ವರದಲ್ಲಿ ಕುಯ್ಯುತ್ತಿದ್ದರೆ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅಂಗಡಿಯವನಿಗೆ ಭರ್ಜರಿ ವ್ಯಾಪಾರ.

ಹೌಯಿಗೆ ನಗು ಬರಲಿಲ್ಲ. ಈ ಜನ ಓದುವ ನಾಟಕ ಆಡುವ ಬದಲು ನಿಜವಾಗಿ ಓದುವಂತಾಗಬೇಕು, ಬಾಯಿಬಾರದ ಸಂಗೀತದ ಬದಲು ಸುಸ್ವರದ ಸಂಗೀತ ನುಡಿಸುವಂತಾಗಬೇಕು ಎಂದು ಆ ದಿನವೇ ನಿಶ್ಚಯಿಸಿದ್ದಾಗಿ ಅವರು ಮುಂದೆ ಬರೆದುಕೊಂಡರು. ಆದರೆ ನಿಶ್ಚಯಕ್ಕೂ ಮೊದಲ ಪಾಠಕ್ಕೂ ನಡುವೆ 13 ವರ್ಷ ಕಳೆಯಿತು.

ಆ ಹೊತ್ತಿನ ಫ್ರಾನ್ಸಿನಲ್ಲಿ ಬಡ ಅಂಧನಿಗೆ ಇದ್ದ ದಾರಿ ಒಂದೇ, ಭಿಕ್ಷೆ. ಹದಿಮೂರನೆಯ ಶತಮಾನದಲ್ಲಿ ದೊರೆ ಒಂಬತ್ತನೇ ಲೂಯಿ ಪ್ಯಾರಿಸ್ಸಿನಲ್ಲಿ 300 ಅಂಧರಿಗಾಗಿ ಒಂದು ಆಶ್ರಯಧಾಮ ಕಟ್ಟಿಸಿದ್ದ. ಹದಿನೈದು ಇಪ್ಪತ್ತುಗಳು ಎಂಬ ಅರ್ಥದಲ್ಲಿ ಅದರ ಹೆಸರೇ ಕ್ಯಾಂಜ್ ವ್ಯಾಂ. ಅಲ್ಲಿದ್ದವರಿಗೆ ಸೂರಿತ್ತು, ಅನ್ನವಿತ್ತು, ಚರ್ಚುಗಳ ಬಾಗಿಲಲ್ಲಿ ಭಿಕ್ಷೆ ಎತ್ತುವ ಅಧಿಕೃತ ಹಕ್ಕೂ ಇತ್ತು. ಇಲ್ಲದಿದ್ದುದು ಶಾಲೆ. ಕಣ್ಣಿಲ್ಲದವರು ದಯೆಯಿಂದ ಬದುಕಬೇಕಾದವರು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಹಾಗೆಂದು ಕಲಿತ ಅಂಧರು ಇರಲಿಲ್ಲವೆಂದಲ್ಲ. ಇಂಗ್ಲೆಂಡಿನ ನಿಕೋಲಸ್ ಸಾಂಡರ್ಸನ್ ಕೇಂಬ್ರಿಡ್ಜ್‌ನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಮೊಳೆ ಚುಚ್ಚಿದ ಹಲಗೆಯನ್ನು ಬೆರಳಲ್ಲಿ ಸವರಿ ದೊಡ್ಡ ದೊಡ್ಡ ಲೆಕ್ಕ ಮಾಡುತ್ತಿದ್ದರು. 1749ರಲ್ಲಿ ತತ್ವಜ್ಞಾನಿ ಡೆನಿಸ್ ಡಿಡೆರೋ ಅಂಧರ ಬಗ್ಗೆ ಬರೆದ ಪುಸ್ತಕದಲ್ಲಿ ಅವರ ವಿಚಾರವೂ ಇತ್ತು. 1784ರಲ್ಲಿ ವಿಯೆನ್ನಾದ ಅಂಧ ಪಿಯಾನೋ ವಾದಕಿ ಮರಿಯಾ ತೆರೇಸಿಯಾ ಫಾನ್ ಪರಾಡಿಸ್ ಪ್ಯಾರಿಸ್ಸಿಗೆ ಬಂದು ಕಛೇರಿಗಳನ್ನು ಕೊಟ್ಟಾಗ ಹೌಯಿ ಆಕೆಯನ್ನು ಭೇಟಿಯಾದರು. ಆಕೆ ಪತ್ರ ಬರೆಯಲು ಪುಟ್ಟದೊಂದು ಕೈಮುದ್ರಣ ಯಂತ್ರ ಬಳಸುತ್ತಿದ್ದರು. ಆದರೆ ಇವರೆಲ್ಲ ಮನೆಯಲ್ಲೇ ಗುರುಗಳನ್ನು ಇಟ್ಟುಕೊಳ್ಳಬಲ್ಲವರು, ಇಲ್ಲವೇ ಅಸಾಧಾರಣ ಪ್ರತಿಭೆಯವರು. ಬೀದಿಯ ಹುಡುಗನಿಗೆ ಇದು ಸಾಧ್ಯವೇ ಎಂಬುದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಪಾಠಕ್ಕೆ ಕೂಲಿ ಕೊಟ್ಟ ಗುರು

ಲೆಸೂರ್ ಹುಟ್ಟಿದ ಕೆಲವೇ ವಾರಗಳಲ್ಲಿ ದೃಷ್ಟಿ ಕಳೆದುಕೊಂಡವನು. ಭಿಕ್ಷೆಯ ದುಡ್ಡಿನಿಂದ ಮನೆಯವರನ್ನೂ ಸಾಕಬೇಕಿತ್ತು. ಓದು ಕಲಿ ಬಾ ಎಂದರೆ ಅವನಿಗೆ ಮೊದಲು ಎದುರಾದದ್ದು ಹಣದ ಪ್ರಶ್ನೆ. ಪಾಠಕ್ಕೆ ಕುಳಿತ ಹೊತ್ತಿನಲ್ಲಿ ಭಿಕ್ಷೆ ತಪ್ಪುತ್ತದೆ. ಸಂಜೆಗೆ ಮನೆಗೆ ಏನು ಒಯ್ಯುವುದು?

ಹೌಯಿ ಆ ಕಷ್ಟವನ್ನು ಸರಿಯಾಗಿ ಅರ್ಥಮಾಡಿಕೊಂಡರು. ಭಿಕ್ಷೆಯಿಂದ ಸಿಗುತ್ತಿದ್ದಷ್ಟು ಹಣವನ್ನು ತಾನೇ ಕೊಡುವುದಾಗಿ ಒಪ್ಪಿಕೊಂಡರು. ಶಿಷ್ಯ ಗುರುದಕ್ಷಿಣೆ ಕೊಡುವ ಬದಲು ಗುರುವೇ ಶಿಷ್ಯನಿಗೆ ಕೂಲಿ ಕೊಟ್ಟು ಪಾಠ ಶುರುಮಾಡಿದರು.

ಮೊದಲ ಸಾಮಗ್ರಿ ಮರದಲ್ಲಿ ಕೆತ್ತಿದ ಬಿಡಿ ಅಕ್ಷರಗಳು ಮತ್ತು ಅಂಕಿಗಳು. ಅವುಗಳನ್ನು ಸಾಲಾಗಿ ಜೋಡಿಸಿ ಪದ ಮಾಡುವುದು, ಅಂಕಿ ಜೋಡಿಸಿ ಕೂಡಿ ಕಳೆಯುವುದು. ಹುಡುಗ ಬೇಗ ಹಿಡಿದ. ಒಂದು ದಿನ ಹೌಯಿ ಅವರ ಮೇಜಿನ ಮೇಲಿದ್ದ ಕಾಗದಗಳನ್ನು ಎತ್ತಿಡುವಾಗ ಅವನ ಬೆರಳಿಗೆ ಏನೋ ತಡೆಯಿತು. ಅದು ಶವಸಂಸ್ಕಾರದ ಆಮಂತ್ರಣ ಪತ್ರ. ಬಲವಾಗಿ ಒತ್ತಿ ಅಚ್ಚು ಹಾಕಿದ್ದರಿಂದ ಹಿಂಬದಿಯಲ್ಲಿ ಅಕ್ಷರ ಉಬ್ಬಿತ್ತು. ಲೆಸೂರ್ ಅದರಲ್ಲಿ ಒಂದು ಅಕ್ಷರವನ್ನು ಗುರುತಿಸಿ ಗುರುವಿಗೆ ತೋರಿಸಿದ.

ಹೌಯಿಗೆ ಬೇಕಿದ್ದ ಸುಳಿವು ಅದೇ. ಒದ್ದೆ ಮಾಡಿದ ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದ ಅಚ್ಚುಮೊಳೆಗಳನ್ನು ಒತ್ತಿದರೆ ಉಬ್ಬಕ್ಷರ ಮೂಡುತ್ತದೆ. ಹಾಳೆ ಒಣಗಿದ ಮೇಲೂ ಉಬ್ಬು ಉಳಿಯುತ್ತದೆ. ಬೆರಳಿನಿಂದ ಓದುವ ಪುಸ್ತಕ ಹೀಗೆ ಹುಟ್ಟಿತು. ಪುಸ್ತಕದ ದಾರಿ ತೋರಿದ್ದು ಗುರುವಿನ ಪಾಂಡಿತ್ಯ ಅಲ್ಲ, ಶಿಷ್ಯನ ಬೆರಳು.

ಓದು ಮಾತ್ರವಲ್ಲ, ಕಸುಬು ಕೂಡ

ಕೆಲವೇ ತಿಂಗಳಲ್ಲಿ ಲೆಸೂರ್ ಪ್ಯಾರಿಸ್ಸಿನ ವಿದ್ವಾಂಸರ ಮುಂದೆ ಓದಿ, ಲೆಕ್ಕ ಮಾಡಿ ತೋರಿಸಿದ. ಬಡ ಅಂಧ ಮಕ್ಕಳಿಗೆ ನೆರವು ನೀಡುತ್ತಿದ್ದ ಫಿಲಾಂತ್ರಪಿಕ್ ಸೊಸೈಟಿ ಆ ಮಕ್ಕಳನ್ನು ಹೌಯಿ ಕೈಗೆ ಒಪ್ಪಿಸಿತು. 1785ರಲ್ಲಿ ಶಾಲೆ ನೆಲೆಗೊಂಡಿತು. ಅಂಧ ಮಕ್ಕಳಿಗಾಗಿಯೇ ನಡೆದ ಜಗತ್ತಿನ ಮೊದಲ ಶಾಲೆ ಎಂದು ಇತಿಹಾಸ ಇದನ್ನು ಗುರುತಿಸುತ್ತದೆ. ಭಿಕ್ಷೆ ಬಿಟ್ಟು ಬಂದ ಲೆಸೂರ್ ಹೊಸ ಮಕ್ಕಳಿಗೆ ಪಾಠ ಹೇಳತೊಡಗಿದ.

ಬೆಳಗ್ಗಿನಿಂದ ಸಂಜೆಯವರೆಗೆ ಅಲ್ಲಿ ಓದು, ಬರಹ, ಲೆಕ್ಕ, ಉಬ್ಬು ನಕ್ಷೆಗಳ ಮೇಲೆ ಭೂಗೋಳ, ಸಂಗೀತ. ಅದರ ಜೊತೆಗೆ ನೂಲುವುದು, ಹೆಣೆಯುವುದು, ಹಗ್ಗ ಹೊಸೆಯುವುದು, ಪುಸ್ತಕ ಕಟ್ಟುವುದು, ಅಚ್ಚು ಕೂಡಿಸುವುದು. ಹೌಯಿ ಅವರ ಲೆಕ್ಕಾಚಾರ ನೇರವಾಗಿತ್ತು. ಸಿರಿವಂತರ ಮನೆಯ ಅಂಧ ಮಗುವಿಗೆ ಓದು ಮನಸ್ಸಿನ ನೆಮ್ಮದಿ ಕೊಟ್ಟರೆ ಸಾಕು. ಬಡವನ ಮಗುವಿಗೆ ಓದಿನ ಜೊತೆ ಅನ್ನ ಹುಟ್ಟಿಸುವ ಕೆಲಸವೂ ಗೊತ್ತಿರಬೇಕು. ದುಡಿದು ಕೈಗೆ ಬಂದ ಹಣವನ್ನು ಎಣಿಸಲು ಲೆಕ್ಕ ಬರಬೇಕು, ಮೋಸ ಹೋಗದಿರಲು ಅಕ್ಷರ ಬರಬೇಕು.

1786ರಲ್ಲಿ ಅಂಧರ ಶಿಕ್ಷಣದ ಕುರಿತು ಹೌಯಿ ಬರೆದ ಪುಸ್ತಕ ಹೊರಬಂತು. ಅದನ್ನು ಅಚ್ಚು ಹಾಕಿದವರು ಅವರ ಶಾಲೆಯ ಅಂಧ ಮಕ್ಕಳೇ. ರಾಜನ ಮುದ್ರಕರೊಬ್ಬರು ಮೇಲ್ವಿಚಾರಣೆ ವಹಿಸಿದ್ದರು. ಆ ವರ್ಷದ ಕ್ರಿಸ್‌ಮಸ್ ಸಮಯದಲ್ಲಿ ಮಕ್ಕಳು ವರ್ಸೈ ಅರಮನೆಗೆ ಹೋಗಿ ದೊರೆ ಹದಿನಾರನೇ ಲೂಯಿಯ ಮುಂದೆ ಓದಿದರು, ಲೆಕ್ಕ ಮಾಡಿದರು, ಹಾಡಿದರು. ಪುಸ್ತಕವನ್ನು ದೊರೆಗೇ ಅರ್ಪಿಸಲಾಗಿತ್ತು. ಹದಿನೈದು ವರ್ಷಗಳ ಹಿಂದೆ ಜಾತ್ರೆಯಲ್ಲಿ ನಗೆಗೀಡಾದ ಮೇಳಕ್ಕೆ ಹೌಯಿ ಕೊಟ್ಟ ಉತ್ತರ ಅದು.

ಆ ಉತ್ತರದಲ್ಲೂ ಒಂದು ಮುಳ್ಳಿತ್ತು. ಶಾಲೆ ನಡೆಯುತ್ತಿದ್ದುದು ದಾನಿಗಳ ಹಣದಿಂದ. ದಾನಿಗಳು ಬರಬೇಕಾದರೆ ಮಕ್ಕಳು ಮತ್ತೆ ಮತ್ತೆ ಸಾರ್ವಜನಿಕರ ಮುಂದೆ ನಿಂತು ತಮ್ಮ ಕಲಿಕೆ ಪ್ರದರ್ಶಿಸಬೇಕಿತ್ತು. ಅಂಧರನ್ನು ನೋಟದ ವಸ್ತುವಾಗಿ ಕೂರಿಸಿದ್ದನ್ನು ಕಂಡು ನೊಂದವರೇ ಈಗ ಅಂಧ ಮಕ್ಕಳನ್ನು ವೇದಿಕೆಗೆ ಹತ್ತಿಸುತ್ತಿದ್ದರು. ಇಲ್ಲಿ ನಗುವಿನ ಬದಲು ಚಪ್ಪಾಳೆ ಇತ್ತು ನಿಜ. ಆದರೂ ಬದುಕುವ ಹಕ್ಕಿಗಾಗಿ ಪ್ರತಿ ಬಾರಿ ಪರೀಕ್ಷೆ ಕೊಡಬೇಕಾದ ಕಷ್ಟ ಮಕ್ಕಳಿಗೆ ತಪ್ಪಲಿಲ್ಲ.

ಕ್ರಾಂತಿಯ ಬಿರುಗಾಳಿ

1789ರಲ್ಲಿ ಫ್ರಾನ್ಸ್ ಹೊತ್ತಿ ಉರಿಯಿತು. ದಾನ ಕೊಡುತ್ತಿದ್ದ ಶ್ರೀಮಂತರು ದೇಶ ಬಿಟ್ಟರು, ಕೆಲವರು ತಲೆ ಕಳೆದುಕೊಂಡರು. ಶಾಲೆಯ ಬೊಕ್ಕಸ ಬರಿದಾಯಿತು. 1791ರಲ್ಲಿ ಕ್ರಾಂತಿಕಾರಿ ಸರ್ಕಾರ ಶಾಲೆಯನ್ನು ತನ್ನ ವಶಕ್ಕೆ ತೆಗೆದುಕೊಂಡು ಕಿವುಡ ಮಕ್ಕಳ ಶಾಲೆಯ ಜೊತೆ ಒಂದೇ ಕಟ್ಟಡದಲ್ಲಿ ಇರಿಸಿತು. ಅಂಧರ ಶಿಕ್ಷಣ ದಾನಿಯ ದಯೆಯಲ್ಲ, ಸರ್ಕಾರದ ಹೊಣೆ ಎಂದು ಒಪ್ಪಿಕೊಂಡಂತಾಯಿತು. ಅದು ದೊಡ್ಡ ಗೆಲುವು. ಆದರೆ ಎರಡು ಶಾಲೆಗಳ ನಡುವೆ ಹೊಂದಾಣಿಕೆ ಆಗಲಿಲ್ಲ. ಹಣವೂ ಸರಿಯಾಗಿ ಬರಲಿಲ್ಲ.

ಹೌಯಿ ಕ್ರಾಂತಿಯ ಪರ ನಿಂತವರು. ಅಣ್ಣ ರೆನೆ ಜ್ಯುಸ್ಟ್ 1792ರಲ್ಲಿ ಪಾದ್ರಿ ಎಂಬ ಕಾರಣಕ್ಕೆ ಸೆರೆಮನೆ ಸೇರಿ, ಗೆಳೆಯರ ಓಡಾಟದಿಂದ ಪ್ರಾಣ ಉಳಿಸಿಕೊಂಡರು. ತಮ್ಮ ಮಾತ್ರ ಹೊಸ ಆಡಳಿತದ ಸಭೆಗಳಲ್ಲಿ ಓಡಾಡಿದರು, ಕ್ರಾಂತಿಯ ಉತ್ಸವಗಳಲ್ಲಿ ಶಾಲೆಯ ಮಕ್ಕಳಿಂದ ಹಾಡಿಸಿದರು, ಮುಂದೆ ಹೊಸದೊಂದು ಧಾರ್ಮಿಕ ಪಂಥದಲ್ಲೂ ತೊಡಗಿಕೊಂಡರು. ಶಾಲೆ ಉಳಿಸಲು ಅಧಿಕಾರದ ಹತ್ತಿರ ಇರಬೇಕಾಗಿತ್ತೋ, ನಂಬಿಕೆಯೇ ಅವರನ್ನು ಅಲ್ಲಿಗೆ ಎಳೆಯಿತೋ, ಎರಡೂ ಇರಬಹುದು. ಅದಕ್ಕೆ ಬೆಲೆ ತೆರುವ ಕಾಲ ಬಂತು.

ನೆಪೋಲಿಯನ್ ಆಡಳಿತ ಬಂದ ಮೇಲೆ ಖರ್ಚು ಉಳಿಸುವ ಲೆಕ್ಕದಲ್ಲಿ ಶಾಲೆಯನ್ನು ಕ್ಯಾಂಜ್ ವ್ಯಾಂ ಆಶ್ರಯಧಾಮದೊಂದಿಗೆ ಸೇರಿಸಲಾಯಿತು. 1801ರಲ್ಲಿ ಮಕ್ಕಳು ಅಲ್ಲಿಗೆ ಹೋದರು. ಯಾವ ಬದುಕಿನಿಂದ ಬಿಡಿಸಬೇಕೆಂದು ಶಾಲೆ ಕಟ್ಟಿದರೋ ಅದೇ ಬದುಕಿನ ಬಾಗಿಲಿಗೆ ಮಕ್ಕಳನ್ನು ಮತ್ತೆ ಕಳಿಸಿದಂತಾಯಿತು. ಓದು ಹಿಂದೆ ಸರಿದು ಕಾರ್ಖಾನೆ ಕೆಲಸ ಮುಂದೆ ಬಂತು. ಹೌಯಿ ಪ್ರತಿಭಟಿಸಿದರು. 1802ರಲ್ಲಿ ಅವರನ್ನು ಹುದ್ದೆಯಿಂದ ತೆಗೆದರು. ತಾನೇ ಕಟ್ಟಿದ ಶಾಲೆಯಿಂದ ಅವರು ಹೊರಬಿದ್ದರು.

ಪರದೇಶದ ಹನ್ನೊಂದು ವರ್ಷ

ಸುಮ್ಮನೆ ಕೂರುವ ಜೀವ ಅದಲ್ಲ. ಪ್ಯಾರಿಸ್ಸಿನಲ್ಲೇ ಸ್ವಂತವಾಗಿ ಒಂದು ಖಾಸಗಿ ಶಾಲೆ ತೆರೆದರು. ಅದು ಕೈಕಚ್ಚಿತು. ಅಷ್ಟರಲ್ಲಿ ರಷ್ಯಾದ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಕಡೆಯಿಂದ ಆಹ್ವಾನ ಬಂತು. 1806ರಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ತಮ್ಮ ಅಂಧ ಶಿಷ್ಯ ಅಲೆಕ್ಸಾಂಡ್ರ್ ಫೂರ್ನಿಯೇಯನ್ನು ಕರೆದುಕೊಂಡು ಹೊರಟರು. ದಾರಿಯಲ್ಲಿ ಬರ್ಲಿನ್. ಅಲ್ಲಿ ಪ್ರಷ್ಯಾದ ದೊರೆಯ ಮುಂದೆ ಶಿಷ್ಯನ ಕಲಿಕೆ ತೋರಿಸಿದರು. ಅದೇ ವರ್ಷ ಬರ್ಲಿನ್ನಿನಲ್ಲಿ ಆಗಸ್ಟ್ ತ್ಸೋಯ್ನ ಮುಂದಾಳತ್ವದಲ್ಲಿ ಅಂಧರ ಶಾಲೆ ಆರಂಭವಾಯಿತು.

ಸೇಂಟ್ ಪೀಟರ್ಸ್‌ಬರ್ಗ್ ತಲುಪಿದರೆ ಅಲ್ಲಿ ಬೇರೆಯೇ ಕಥೆ. ರಷ್ಯಾದಲ್ಲಿ ಅಂಧರೇ ಇಲ್ಲ ಎಂದು ಅಧಿಕಾರಿಗಳು ಹೇಳಿದರಂತೆ. ಬೀದಿಯಲ್ಲಿ ಕಾಣುವ ಅಂಧರು ಕಡತದಲ್ಲಿ ಇರಲಿಲ್ಲ. ಕಾಡಿಬೇಡಿ 1807ರಲ್ಲಿ ಶಾಲೆ ತೆರೆದರೂ ಮಕ್ಕಳು ಬೆರಳೆಣಿಕೆಯಷ್ಟು. ನೆರವು ಅಷ್ಟಕ್ಕಷ್ಟೆ. ಆದರೂ 11 ವರ್ಷ ಅಲ್ಲೇ ದುಡಿದರು. 1817ರಲ್ಲಿ ಮುದುಕರಾಗಿ, ಆರೋಗ್ಯ ಕೆಟ್ಟು ಪ್ಯಾರಿಸ್ಸಿಗೆ ಮರಳಿ ಅಣ್ಣನ ಆಸರೆಯಲ್ಲಿ ನೆಲೆಸಿದರು.

ಅಷ್ಟು ಹೊತ್ತಿಗೆ ಅವರ ಶಾಲೆ ಆಶ್ರಯಧಾಮದಿಂದ ಬೇರೆಯಾಗಿ ಮತ್ತೆ ಸ್ವಂತ ಕಾಲ ಮೇಲೆ ನಿಂತಿತ್ತು. ಆದರೆ ರಾಜರ ಆಳ್ವಿಕೆ ಮರಳಿ ಬಂದಿತ್ತು. ಕ್ರಾಂತಿಯ ಕಾಲದಲ್ಲಿ ಓಡಾಡಿದ ಮುದುಕನ ಸಹವಾಸ ಆಗಿನ ನಿರ್ದೇಶಕ ಗಿಯೇಗೆ ಬೇಡವಾಗಿತ್ತು. ಶಾಲೆಯನ್ನು ಹುಟ್ಟುಹಾಕಿದವರಿಗೆ ಶಾಲೆಯ ಬಾಗಿಲೇ ತೆರೆಯಲಿಲ್ಲ.

ಬಾಗಿಲು ತೆರೆದ ದಿನ

1821ರಲ್ಲಿ ನಿರ್ದೇಶಕರು ಬದಲಾದರು. ಹೊಸದಾಗಿ ಬಂದ ಪಿಗ್ನಿಯೇ ಅವರು ಹೌಯಿಯನ್ನು ಗೌರವದಿಂದ ಕರೆಸಿಕೊಂಡರು. 75 ವರ್ಷದ ಹಿರಿಯರ ಮುಂದೆ ಮಕ್ಕಳು ಹಾಡಿದರು, ಉಬ್ಬಕ್ಷರದ ಪುಸ್ತಕಗಳನ್ನು ಓದಿದರು. ಆ ವರ್ಷ ಶಾಲೆಯಲ್ಲಿದ್ದ ಮಕ್ಕಳಲ್ಲಿ 12 ವರ್ಷದ ಒಬ್ಬ ಹುಡುಗನಿದ್ದ. ಕುದುರೆ ಜೀನು ಹೊಲಿಯುವವನ ಮಗ, ಹೆಸರು ಲೂಯಿ ಬ್ರೈಲ್.

ಹೌಯಿ ಅವರ ಪದ್ಧತಿಯಲ್ಲಿದ್ದ ಕೊರತೆಯನ್ನು ತುಂಬಿದ್ದು ಇದೇ ಹುಡುಗ. ಅಂಧರು ಉಳಿದವರಿಂದ ಬೇರೆಯಾಗಬಾರದು, ಎಲ್ಲರೂ ಓದುವ ಅಕ್ಷರವನ್ನೇ ಓದಬೇಕು ಎಂಬುದು ಹೌಯಿ ಅವರ ನಿಲುವು. ಉದ್ದೇಶ ಒಳ್ಳೆಯದೇ. ಆದರೆ ಕಣ್ಣಿಗಾಗಿ ಹುಟ್ಟಿದ ಅಕ್ಷರ ಬೆರಳಿಗೆ ಸುಲಭವಲ್ಲ. ಒಂದೊಂದು ಅಕ್ಷರದ ಗೆರೆಯನ್ನೂ ಸವರಿ ಮುಗಿಸುವಷ್ಟರಲ್ಲಿ ಹಿಂದಿನದು ಮರೆಯುತ್ತಿತ್ತು. ಪುಸ್ತಕಗಳು ಎತ್ತಲಾರದಷ್ಟು ಭಾರ, ಬೆಲೆಯೂ ಭಾರ. ಎಲ್ಲಕ್ಕಿಂತ ದೊಡ್ಡ ಕೊರತೆ ಬರವಣಿಗೆಯದು. ಉಬ್ಬಕ್ಷರವನ್ನು ಓದಬಹುದಿತ್ತು, ಆದರೆ ಅಂಧ ವಿದ್ಯಾರ್ಥಿ ತನಗೆ ಬೇಕಾದ್ದನ್ನು ತಾನೇ ಬರೆದಿಟ್ಟುಕೊಂಡು ಮತ್ತೆ ಓದುವುದು ಸುಲಭವಿರಲಿಲ್ಲ. ಮನೆಯ ಖರ್ಚಿನ ಲೆಕ್ಕ, ಸಾಲದ ಚೀಟಿ, ಗೆಳೆಯನ ವಿಳಾಸ, ಇದಕ್ಕೆಲ್ಲ ಇನ್ನೊಬ್ಬರ ಕಣ್ಣೇ ಬೇಕಿತ್ತು.

ಬ್ರೈಲ್ ತನ್ನ ಹದಿನೈದನೆಯ ವಯಸ್ಸಿನ ಹೊತ್ತಿಗೆ ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿದ. 1829ರಲ್ಲಿ ಅದು ಪ್ರಕಟವಾಯಿತು. ಒಂದು ಬೆರಳ ತುದಿಯಡಿ ಇಡೀ ಅಕ್ಷರ ಕೂರುತ್ತದೆ. ಮೊನೆಯ ಕಡ್ಡಿಯೊಂದಿದ್ದರೆ ಬರೆಯಲೂ ಬಹುದು. ಇದನ್ನು ನೋಡಲು ಹೌಯಿ ಉಳಿದಿರಲಿಲ್ಲ. 1822ರ ಮಾರ್ಚ್‌ನಲ್ಲಿ ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಕೆಲವೇ ತಿಂಗಳಲ್ಲಿ ಅಣ್ಣನೂ ಹೋದರು. ಅಕ್ಷರ ಕಲಿಯಬಹುದು ಎಂದು ತೋರಿಸಿದ್ದು ಹೌಯಿ, ಆ ಅಕ್ಷರವನ್ನು ಅಂಧರ ಸ್ವಂತದ್ದಾಗಿ ಮಾಡಿದ್ದು ಬ್ರೈಲ್. ಮೊದಲನೆಯವರ ಶಾಲೆ ಇಲ್ಲದಿದ್ದರೆ ಎರಡನೆಯವನಿಗೆ ಕಲಿಯಲು ಜಾಗವೇ ಇರುತ್ತಿರಲಿಲ್ಲ.

ಪ್ಯಾರಿಸ್ಸಿನಿಂದ ಮೈಸೂರಿನವರೆಗೆ

ಆ ಶಾಲೆಯನ್ನು ನೋಡಿ ಲಿವರ್‌ಪೂಲ್, ವಿಯೆನ್ನಾ, ಬೋಸ್ಟನ್ ಹೀಗೆ ಊರೂರಲ್ಲಿ ಅಂಧರ ಶಾಲೆಗಳು ಎದ್ದವು. ಭಾರತದಲ್ಲಿ 1887ರಲ್ಲಿ ಅಮೃತಸರದಲ್ಲಿ, ನಮ್ಮ ಮೈಸೂರಿನಲ್ಲಿ 1901ರಲ್ಲಿ ಇಂಥ ಶಾಲೆ ಶುರುವಾಯಿತು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಒಪ್ಪಿತವಾಯಿತು. ಇಂದು ಕನ್ನಡದ ಮಗು ಎರಡು ಚುಕ್ಕಿಯಲ್ಲಿ ಓದುವ ಕ ಅಕ್ಷರವನ್ನೇ ಮುಂಬಯಿಯ ಮಗು ಮರಾಠಿಯಲ್ಲೂ ಚೆನ್ನೈನ ಮಗು ತಮಿಳಿನಲ್ಲೂ ಓದುತ್ತದೆ.

ನಾಣ್ಯದ ಪಾಠವೂ ಮುಗಿದಿಲ್ಲ. ಈಗಿನ 100, 200 ಮತ್ತು 500 ರೂಪಾಯಿ ನೋಟುಗಳ ಅಗಲ ಒಂದೇ, 66 ಮಿಲಿಮೀಟರ್. ಉದ್ದದಲ್ಲಿ ಒಂದರಿಂದ ಒಂದಕ್ಕೆ ವ್ಯತ್ಯಾಸ ಬರೀ 4 ಮಿಲಿಮೀಟರ್. ಅಂಚಿನಲ್ಲಿ ಉಬ್ಬು ಗೆರೆಗಳಿವೆ. ನೋಟು ಹಳತಾಗಿ ಸವೆದರೆ ಅವೂ ಬೆರಳಿಗೆ ಮಂಕಾಗುತ್ತವೆ. ಹಾಗಾಗಿ ಅಂಧ ಹದಿಹರೆಯದವರಿಗೆ ಒಂದೊಂದು ನೋಟನ್ನು ಒಂದೊಂದು ರೀತಿ ಮಡಚಿಡುವುದು, ಬೇರೆ ಬೇರೆ ಖಾನೆಯಲ್ಲಿ ಇಡುವುದು, ಅಂಗಡಿಯಲ್ಲಿ ಚಿಲ್ಲರೆಯನ್ನು ಅಲ್ಲೇ ನಿಂತು ಎಣಿಸಿಕೊಳ್ಳುವುದು ಹೇಳಿಕೊಡಬೇಕಾಗುತ್ತದೆ. 2019ರಲ್ಲಿ ದೃಷ್ಟಿಹೀನರನ್ನು ಗಮನದಲ್ಲಿಟ್ಟು ಹೊಸ ನಾಣ್ಯ ಸರಣಿ ಬಂತು. ಅದರಲ್ಲಿನ 20 ರೂಪಾಯಿ ನಾಣ್ಯಕ್ಕೆ 12 ಅಂಚುಗಳಿವೆ. 2020ರಲ್ಲಿ ರಿಸರ್ವ್ ಬ್ಯಾಂಕ್ ನೋಟಿನ ಬೆಲೆಯನ್ನು ಧ್ವನಿಯಲ್ಲಿ ಹೇಳುವ ಮನಿ ಎಂಬ ಆಪ್ ಹೊರತಂದಿತು.

ಉಪಕರಣ ಬದಲಾಗಿದೆ. ಆದರೆ ತಾನು ದುಡಿದ ಹಣವನ್ನು ತಾನೇ ಗುರುತಿಸಿ, ತಾನೇ ಎಣಿಸಿ, ತಾನೇ ಖರ್ಚು ಮಾಡುವ ಸ್ವಾತಂತ್ರ್ಯ ಬೇಕೆಂಬ ಆಸೆ 240 ವರ್ಷಗಳ ಹಿಂದಿನದೇ. ಚರ್ಚಿನ ಬಾಗಿಲಲ್ಲಿ ಕುಳಿತ ಹುಡುಗನಿಗೆ ನಾಣ್ಯ ಗುರುತಿಸಲು ಯಾರೂ ಕಲಿಸಿರಲಿಲ್ಲ, ಬದುಕೇ ಕಲಿಸಿತ್ತು. ಅವನ ಕೈಗೆ ಬಿದ್ದ ಎಷ್ಟೋ ನಾಣ್ಯಗಳನ್ನು ಹಾಕಿದವರು ತಿರುಗಿ ನೋಡದೆ ಹೋಗಿದ್ದರು. ಅವನು ಕೂಗಿ ಕರೆದಾಗ ಹೌಯಿ ಮಾತ್ರ ನಿಂತರು.